ವಂಶವೃಕ್ಷದಲ್ಲಿ ಬಿಟ್ಟುಹೋದವರು

ನಮ್ಮ ಕಡೆ ಯಾರಾದರೂ ‘ವಂಶವೃಕ್ಷ ಮಾಡಿಸಬೇಕು’ ಎಂದರೆ, ಆ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ ಎಂದು ತಿಳಿಯಬೇಕು. ನಾಡಕಚೇರಿಗೆ ಅರ್ಜಿ, ಛಾಪಾ ಕಾಗದದಲ್ಲಿ ಅಫಿಡವಿಟ್, ಗ್ರಾಮ ಆಡಳಿತಾಧಿಕಾರಿಯ ವಿಚಾರಣೆ, ಆಮೇಲೆ ಪೌತಿ ಖಾತೆ. ಎಸ್.ಎಲ್. ಭೈರಪ್ಪನವರ ಇದೇ ಹೆಸರಿನ 1965ರ ಕಾದಂಬರಿ ಈ ಪದಕ್ಕೆ ಎಷ್ಟೇ ತೂಕ ಕೊಟ್ಟಿದ್ದರೂ ಊರಿನವರ ಬಾಯಲ್ಲಿ ಅದು ಜಮೀನಿನ ಪದವೇ.

ಈಗ ಅದು ಆಪ್ತಸಮಾಲೋಚಕರ ಕೋಣೆಗೂ ಬಂದಿದೆ. ಅಲ್ಲಿ ಜೆನೋಗ್ರಾಮ್ ಎನ್ನುವ ನಕ್ಷೆಗೆ ಕನ್ನಡದಲ್ಲಿ ಹತ್ತಿರದ ಮಾತು ಇದೇ. ಕುಟುಂಬವನ್ನೇ ಒಂದು ಘಟಕವಾಗಿ ನೋಡಿದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ ದಾರಿಯಲ್ಲಿ ಬೆಳೆದದ್ದು ಇದು. ಮೋನಿಕಾ ಮೆಕ್‌ಗೋಲ್ಡ್ರಿಕ್ ಮತ್ತು ರ‍್ಯಾಂಡಿ ಗರ್ಸನ್ 1985ರ ಪುಸ್ತಕದಲ್ಲಿ ಅದರ ಗುರುತುಗಳನ್ನು ಒಂದು ಕ್ರಮಕ್ಕೆ ತಂದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಕತ್ತರಿ ಗುರುತು. ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ಮಾತುಕತೆ ನಿಂತುಹೋದಲ್ಲಿ ನಡುವೆ ತುಂಡಾದ ಗೆರೆ. ಕನಿಷ್ಠ ಮೂರು ತಲೆಮಾರು ಬರೆಯುತ್ತಾರೆ. ಶ್ರಾದ್ಧದಲ್ಲಿ ಹೆಸರು ಹೇಳಿ ಪಿಂಡ ಇಡುವುದೂ ಮೂರು ತಲೆಮಾರಿಗೇ.

ಕಚೇರಿಯ ವಂಶವೃಕ್ಷ ಹಕ್ಕುದಾರರನ್ನು ಕೇಳುತ್ತದೆ. ‘ತಂಗಿಯ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿದ್ದಾರೆ’ ಎಂಬ ತಕರಾರು ನಮ್ಮಲ್ಲಿ ಹಳೆಯದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಆದರೂ ಬಿಡುವವರು ಬಿಡುತ್ತಲೇ ಇದ್ದಾರೆ. ಸಮಾಲೋಚಕರು ಹುಡುಕುವುದು ಹೀಗೆ ಬಿಟ್ಟುಹೋದವರನ್ನೇ. ಹುಟ್ಟಿದ ವಾರದಲ್ಲೇ ಹೋದ ಕೂಸು, ಬೇರೆ ಜಾತಿಯವನನ್ನು ಮದುವೆಯಾಗಿ ಮನೆಗೆ ಎರವಾದ ಅತ್ತೆ, ಮಾನಸಿಕ ಕಾಯಿಲೆ ಇತ್ತೆಂದು ಹೆಣ್ಣು ನೋಡಲು ಬಂದವರ ಎದುರು ಯಾರೂ ಹೆಸರೆತ್ತದ ಚಿಕ್ಕಪ್ಪ. ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿತ್ತು. ಮಕ್ಕಳೆಷ್ಟು ಎಂದು ಕೇಳಿದರೆ ‘ಹೆತ್ತದ್ದು ಏಳು, ಉಳಿದದ್ದು ನಾಕು’ ಎನ್ನುತ್ತಿದ್ದರು. ಆ ಮೂವರನ್ನು ಬಿಟ್ಟು ಲೆಕ್ಕ ಹೇಳಲು ಅವರ ನಾಲಿಗೆ ಏಳುತ್ತಿರಲಿಲ್ಲ.

ನನ್ನ ಅಕ್ಕನ ಮಗಳು ಹೆರಿಗೆಯಾದ ಮೇಲೆ ಮಗುವನ್ನು ಒಂದು ಗಳಿಗೆಯೂ ಬಿಟ್ಟಿರಲಾರದಷ್ಟು ಹೆದರಿ, ನಿದ್ದೆಗೆಟ್ಟು, ಸಮಾಲೋಚಕರ ಬಳಿ ಹೋಗುತ್ತಿದ್ದಳು. ಅಲ್ಲಿಂದ ಬಂದವಳು ‘ಅಮ್ಮಾ, ಅಜ್ಜಿಗೆ ನಿನಗಿಂತ ಮುಂಚೆ ಮಕ್ಕಳಾಗಿದ್ದವಾ?’ ಎಂದು ಕೇಳಿದಳು. ಅಕ್ಕ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬೀಜ ತೆಗೆದು ತಟ್ಟೆಗೆ ಹಾಕುತ್ತಲೇ, ‘ಎರಡು. ಒಂದಕ್ಕೆ ಹೆಸರಿಟ್ಟಿದ್ದರು’ ಎಂದಳು. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಅದು. ಹುಡುಗಿಯ ಹೆದರಿಕೆ ಅಂದೇ ಹೋಗಲಿಲ್ಲ. ಔಷಧಿಯೂ ಬೇಕಾಯಿತು, ತಿಂಗಳುಗಳೂ ಬೇಕಾದವು. ಆದರೆ ‘ನಾನೊಬ್ಬಳೇ ಹೀಗೆ, ನನ್ನಲ್ಲೇ ಏನೋ ಐಬು’ ಎನ್ನುವುದನ್ನು ಅವಳು ನಿಲ್ಲಿಸಿದಳು. ಅಜ್ಜಿ ಅಮ್ಮನನ್ನು ಅಷ್ಟು ಬಿಗಿಯಾಗಿ ಬೆಳೆಸಿದ್ದೇಕೆ, ಅಮ್ಮ ತನ್ನನ್ನು ಹಾಗೇ ಬೆಳೆಸಿದ್ದೇಕೆ ಎಂದು ಮೂವರೂ ಮಾತಾಡಿಕೊಳ್ಳುವಂತಾಯಿತು.

ಬೇರು ಹುಡುಕುವುದು ಎಂದರೆ ಗೋತ್ರ, ಮನೆತನ, ದೊಡ್ಡಸ್ತಿಕೆ ಎಂದುಕೊಳ್ಳುವವರಿದ್ದಾರೆ. ಆ ಹುಡುಕಾಟ ಯಾರ ಗಾಯವನ್ನೂ ಮಾಯಿಸುವುದಿಲ್ಲ ಎಂದೇ ನನ್ನ ನಂಬಿಕೆ. ಎಷ್ಟೋ ಮನೆಗಳಲ್ಲಿ ಗಾಯ ಮಾಡಿದ್ದೇ ಅದು. ಇದಕ್ಕಿಂತ ಉತ್ತರ ಕರ್ನಾಟಕದ ಹೆಳವರ ರೀತಿ ನನಗೆ ಹತ್ತಿರವಾಗಿ ಕಾಣುತ್ತದೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಒಕ್ಕಲು ಮನೆಗಳಿಗೆ ಬರುತ್ತಿದ್ದವರು ಅವರು. ಈ ಮನೆಯವರು ಮೊದಲು ಯಾವ ಊರಲ್ಲಿದ್ದರು, ಎಲ್ಲಿಂದ ಎಲ್ಲಿಗೆ ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದರು. ತನ್ನ ಮನೆಯ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಆ ಅನುಭವ ಸಮಾಲೋಚನೆಯಲ್ಲೂ ಇದೆ.

ಅಕ್ಕನ ಮಗಳ ವಂಶವೃಕ್ಷ ಇನ್ನೂ ಮುಗಿದಿಲ್ಲ. ಮುತ್ತಜ್ಜಿಯ ವೃತ್ತದಲ್ಲಿರುವುದು ಗಂಡನ ಮನೆಯವರು ಮದುವೆಯ ದಿನ ಅಕ್ಕಿಯ ಮೇಲೆ ಬರೆದಿಟ್ಟ ಹೆಸರು. ಹುಟ್ಟಿದ ಮನೆಯಲ್ಲಿ ಆಕೆಯನ್ನು ಏನೆಂದು ಕರೆಯುತ್ತಿದ್ದರೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ತಿಪಟೂರಿನಲ್ಲಿ ಆಕೆಯ ತವರಿನ ಕಡೆಯ ಹಿರಿಯರೊಬ್ಬರಿದ್ದಾರೆ, ಕಿವಿ ಮಂದ. ಫೋನಿನಲ್ಲಿ ಕೇಳಿದರೆ ಆಗುವ ಕೆಲಸವಲ್ಲ ಎಂದು ತಾಯಿ ಮಗಳು ಈ ಪಿತೃಪಕ್ಷದೊಳಗೆ ಅಲ್ಲಿಗೆ ಹೊರಟಿದ್ದಾರೆ.