ಸೀಟು ಸಿಕ್ಕ ಸಂಭ್ರಮ

ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ತುಂಗಭದ್ರೆಯ ದಡದ ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ನಿಂತು ಅಲ್ಲಿನ ಶಾಸನಶಿಲೆಗಳನ್ನು ಅವಲೋಕಿಸುವವರಿಗೆ, ಹತ್ತು ಜನರ ಕಣ್ಣಿಗೆ ಬೀಳುವಂತೆ ಹೆಸರನ್ನು ಬರೆಸುವ ಗೌರವವು ಈ ಸೀಮೆಯಲ್ಲಿ ಬಹುಕಾಲದಿಂದ ಕೊಟ್ಟವರಿಗೆ ಸಲ್ಲುತ್ತ ಬಂದಿತೇ ಹೊರತು ಪಡೆದವರಿಗಲ್ಲವೆಂಬುದು ಸ್ಫುಟವಾಗುತ್ತದೆ. ಭೂಮಿಯನ್ನು ದತ್ತಿ ಬಿಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು. ದತ್ತಿಯ ಅನ್ನವನ್ನುಂಡು ಓದಿದ ವಟುವಿನ ಹೆಸರನ್ನು ಕೆತ್ತಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ನೆರೆಯ ದಾವಣಗೆರೆಯೂ ಈ ಪದ್ಧತಿಯನ್ನೇ ಅನುಸರಿಸಿತು. ಹತ್ತಿಯ ವ್ಯಾಪಾರದಿಂದಲೂ ಬಟ್ಟೆ ಗಿರಣಿಗಳಿಂದಲೂ ಕೂಡಿಬಂದ ಸಂಪತ್ತಿನ ಒಂದಂಶವನ್ನು ವಿದ್ಯೆಗಾಗಿ ತೆಗೆದಿರಿಸಿದ ಮನೆತನಗಳ ನಾಮಧೇಯಗಳು ಇಂದಿಗೂ ಊರಿನವರ ಬಾಯಲ್ಲಿ ಬರಿಯ ಇನಿಷಿಯಲ್ಲುಗಳಾಗಿ ಓಡಾಡುತ್ತಿವೆ: 1951ರಲ್ಲಿ ಪ್ರಾರಂಭವಾದ ಇಂಜಿನಿಯರಿಂಗ್ ಕಾಲೇಜಿನ ‘ಬಿ.ಡಿ.ಟಿ.’ ಎಂದರೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ. ವಿಜ್ಞಾನ ಕಾಲೇಜಿನ ‘ಡಿ.ಆರ್.ಎಂ.’ನಲ್ಲಿರುವುದು ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರು. 1958ರಲ್ಲಿ ಸ್ಥಾಪಿತವಾದ ಬಾಪೂಜಿ ವಿದ್ಯಾಸಂಸ್ಥೆಯು 1965ರಲ್ಲಿ ತೆರೆದ ವೈದ್ಯಕೀಯ ಕಾಲೇಜು ಧನಿಕರನ್ನು ಬಿಟ್ಟು, ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯಗಳನ್ನು ತೆರೆಸಿದ ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಜಗದ್ಗುರುಗಳ ಹೆಸರನ್ನು ಧರಿಸಿತು. ಅವರೂ ಕೊಟ್ಟವರೇ.

ಇವೆಲ್ಲಕ್ಕೂ ಪೂರ್ವದಲ್ಲಿ, ಇಂಜಿನಿಯರಾಗಬೇಕೆಂಬ ಇಲ್ಲಿನ ಹುಡುಗನು ರೈಲು ಹತ್ತಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ ಬೆಂಗಳೂರಿನ ಕಾಲೇಜಿಗೆ ಹೋಗಬೇಕಾಗಿತ್ತು; ಧಾರವಾಡದ ಕರ್ನಾಟಕ ಕಾಲೇಜನ್ನು ಬಯಸಿದವನು ಹರಿಹರದ ಸೇತುವೆಯನ್ನು ದಾಟಿದೊಡನೆ ಮೈಸೂರು ಸಂಸ್ಥಾನವನ್ನು ಬಿಟ್ಟು ಮುಂಬಯಿ ಪ್ರಾಂತವನ್ನು ಹೊಗುತ್ತಿದ್ದನು. ಅಂಥ ಪ್ರಯಾಣದ ಮುನ್ನಾದಿನ ದೇವರ ಮುಂದೆ ದೀಪ, ಹಿರಿಯರ ಪಾದಕ್ಕೆ ನಮಸ್ಕಾರ, ನೆರೆಮನೆಗೆ ಸಕ್ಕರೆ, ಚೀಲದಲ್ಲಿ ಖಡಕ್ ರೊಟ್ಟಿ ಶೇಂಗಾ ಚಟ್ನಿಯ ಬುತ್ತಿ: ಸಂಭ್ರಮವೆಂದರೆ ಇಷ್ಟೇ. ಕೆಲಸ ಕೈಗೂಡುವ ಮೊದಲೇ ಹೇಳಿಕೊಂಡರೆ ದೃಷ್ಟಿ ತಾಕೀತೆಂಬ ಅಂಜಿಕೆಯೂ ಅದರೊಳಗೆ ಅಡಗಿತ್ತು. ಈ ಅಂಜಿಕೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮನೆಯ ಆಚರಣೆಯನ್ನು ಬೀದಿಗೆ ತರುವುದು ಈ ಊರಿಗೆ ಅಪರಿಚಿತವೆಂದೇನೂ ಹೇಳುವಂತಿಲ್ಲ. ಹರ್ಡೇಕರ್ ಮಂಜಪ್ಪನವರು ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಬೆಂಬಲದಿಂದ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸಿದ್ದು ಇಲ್ಲಿಯೇ. ಆದರೆ ಅಲ್ಲಿ ಮೆರೆದದ್ದು ಶತಮಾನಗಳ ಪರೀಕ್ಷೆಯನ್ನು ದಾಟಿಬಂದ ಒಂದು ಬದುಕು. ಇಂದು ಸೀಟು ಸಿಕ್ಕಿದೊಡನೆ ವಿದ್ಯಾನಗರದಲ್ಲೋ ಗುಂಡಿ ವೃತ್ತದ ಬಳಿಯಲ್ಲೋ ಕಟ್ಟುವ ಫ್ಲೆಕ್ಸಿನಲ್ಲಿ ಮೆರೆಯುವುದು ಮೀಸೆ ಚಿಗುರದ ಮುಖ. ಮೇಲ್ಗಡೆ ಸ್ವಾಮಿಗಳು ಮತ್ತು ಶಾಸಕರು, ನಡುವೆ ಪಿಯುಸಿಯ ಅಂಕಪಟ್ಟಿಗೆ ತೆಗೆಸಿದ ಭಾವಚಿತ್ರ, ಪಕ್ಕದಲ್ಲಿ ಕಾಲೇಜಿನ ಹೆಸರು, ಅಡಿಯಲ್ಲಿ ‘ಶುಭ ಕೋರುವವರು’ ಎಂದು ಸೋದರಮಾವನಿಂದ ಹಿಡಿದು ಗೆಳೆಯರ ಬಳಗದವರೆಗೆ ಸಾಲುಸಾಲು ಮುಖಗಳು. ಎಣಿಸಿ ನೋಡಿದರೆ ವಿದ್ಯಾರ್ಥಿಯೇ ಅಲ್ಪಸಂಖ್ಯಾತ.

ರಾಜ್ಯದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ನಮ್ಮ ಸಿಇಟಿ, ಪ್ರಾರಂಭವಾಗಿ, ದುಡ್ಡಿನ ಚೀಲಕ್ಕಿಂತ ರ್‍ಯಾಂಕಿಗೆ ಬೆಲೆ ಬಂದುದು ಬಡವರ ಮಕ್ಕಳಿಗೆ ಉಪಕಾರವೇ ಆಯಿತು. ಕೋಚಿಂಗ್ ಕೇಂದ್ರಗಳು ಆ ರ್‍ಯಾಂಕುಗಳನ್ನು ಮಕ್ಕಳ ಮುಖಗಳೊಡನೆ ಜಾಹೀರಾತು ಮಾಡಿದವು; ಮನೆಯವರು ಅದನ್ನು ನೋಡಿ ಕಲಿತರೆಂದು ನನ್ನ ಊಹೆ. 1941ರಲ್ಲಿ ಸ್ಥಾಪಿತವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ಆಯುಷ್ಯವನ್ನು ಸವೆಸಿ, ಕಾರ್ಖಾನೆ ಮುಚ್ಚಿದ ಮೇಲೆ ಕೈಕಟ್ಟಿ ಕುಳಿತ ಕಾರ್ಮಿಕನೊಬ್ಬನ ಮೊಮ್ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದರೆ, ಆ ಮನೆಯವರು ಬೀದಿಗೆಲ್ಲ ಪೇಢೆ ಹಂಚುವುದನ್ನು ಆಡಂಬರವೆಂದು ಜರೆಯುವವನು ಅರಸಿಕ. ಮನೆತನದಲ್ಲಿ ಪ್ರಥಮಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವವರ ಹರ್ಷವು ಒಬ್ಬರದೇ ಆಗಿರುವುದಿಲ್ಲ.

ಆದರೂ ಸೀಟು ಹಂಚಿಕೆಯ ರೀತಿಯನ್ನು ಬಲ್ಲವರು ಫ್ಲೆಕ್ಸ್ ಕಟ್ಟಿಸುವ ಮೊದಲು ಕೊಂಚ ತಡೆಯಬೇಕು. ಹುಡುಗನು ಆಪ್ಷನ್ ಎಂಟ್ರಿಯಲ್ಲಿ ಹತ್ತಾರು ಕಾಲೇಜುಗಳನ್ನು ಅನುಕ್ರಮವಾಗಿ ತುಂಬಿರುತ್ತಾನೆ. ರ್‍ಯಾಂಕಿಗೆ ಎಟುಕಿದ್ದು ಮೊದಲ ಸುತ್ತಿನಲ್ಲಿ ಒದಗುತ್ತದೆ. ಅದನ್ನು ಒಪ್ಪಿಕೊಂಡರೂ ಇನ್ನೂ ಮೇಲಿನದಕ್ಕೆ ಕಾಯುವೆನೆನ್ನುವವನು ಎರಡನೆಯ ಛಾಯ್ಸನ್ನು ಒತ್ತುತ್ತಾನೆ. ಮುಂದಿನ ಸುತ್ತಿನಲ್ಲಿ ಮೇಲಿನದು ದೊರೆತರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ಮೊದಲ ಸುತ್ತಿಗೇ ಅಭಿನಂದನೆ ಮುದ್ರಿಸಿದವರು ಆಮೇಲೆ ಹಳೆಯ ಕಾಲೇಜಿನ ಹೆಸರಿನ ಮೇಲೆ ಹೊಸ ಕಾಗದ ಅಂಟಿಸಬೇಕಾಗುತ್ತದೆ. ಅಮೆರಿಕದಲ್ಲಿ ಮೇ 1ರ ಹೊತ್ತಿಗೆ ನಿರ್ಧಾರವನ್ನು ತಿಳಿಸಿ, ಕಾಲೇಜಿನ ಹೆಸರಿನ ಅಂಗಿ ತೊಟ್ಟು ಮೆರೆಯುವ ಮಕ್ಕಳಿಗೆ ಕೊನೆಯ ಮಾತಾದರೂ ತಮ್ಮದೆಂಬ ಸಮಾಧಾನವಿದೆ. ನಮ್ಮಲ್ಲಿ ಅದು ಬಹುಪಾಲು ರ್‍ಯಾಂಕಿನದು, ಉಳಿದದ್ದು ಅಪ್ಪನದು.

ಹೆಚ್ಚಿನ ತೊಡಕು ಬರುವುದು ತರುವಾಯ. ಮೊದಲ ವರ್ಷದಲ್ಲಿಯೇ ಅಂಗರಚನಾಶಾಸ್ತ್ರವೋ ಗಣಿತವೋ ಹಿಡಿಸದೆ, ಬಿಟ್ಟು ಬೇರೆ ಓದಲು ಬಯಸುವ ಮಗು ಮನೆಯವರಿಗೆ ಮಾತ್ರ ಹೇಳಿದರೆ ಸಾಲದು. ಶುಭ ಕೋರಿದವರಿಗೆಲ್ಲ ಉತ್ತರ ಹೇಳಬೇಕು. ಆದಕಾರಣ ಸಕ್ಕರೆ, ದೀಪ, ಬಂಧುಗಳ ಊಟ, ಸಮಾಜದ ಪ್ರತಿಭಾ ಪುರಸ್ಕಾರದಲ್ಲಿ ಒಂದು ಶಾಲು, ಕೈಗೊಂದು ಪುಸ್ತಕ, ಇವಿಷ್ಟಕ್ಕೆ ನನ್ನ ಸಮ್ಮತಿಯುಂಟು. ವೃತ್ತದಲ್ಲಿ ಕಟ್ಟುವ ಹೆಸರು ಪದವಿ ಮುಗಿಯುವವರೆಗೆ ಕಾಯಬಹುದು. ಅಷ್ಟರೊಳಗೆ ಕಟ್ಟಿಸಬೇಕೋ ಬೇಡವೋ ಎಂಬುದನ್ನು ಹೇಳುವ ವಯಸ್ಸು ಆ ಮಗುವಿಗೂ ಬಂದಿರುತ್ತದೆ.