ಪಟ್ಟಿ, ಠರಾವು, ದಫ್ತರ: ಹಳೇ ಹುಬ್ಬಳ್ಳಿಯ ನಿವಾಸಿ ಮಂಡಳಿಗಳ ಸಾಮರ್ಥ್ಯ ಕುರಿತು

ಪ್ರಸ್ತಾವನೆ

ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಆಡಳಿತ ಮಂಡಳಿಗಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಪುಕ್ಕಟೆ ದುಡಿಯುವವರಿಗೆ ಬೆಲೆಯಿಲ್ಲ ಎಂಬುದು ಪದಾಧಿಕಾರಿಗಳ ಅಳಲು. ಕುರ್ಚಿ ಬೇಕು, ಕೆಲಸ ಬೇಡ ಎಂಬುದು ಉಳಿದವರ ದೂರು. ಎರಡೂ ಮನುಷ್ಯರ ಗುಣದಲ್ಲೇ ಕಾರಣ ಹುಡುಕುತ್ತವೆ. ಆದರೆ ಅದೇ ಮನುಷ್ಯರು ಒಂದು ಕೆಲಸದಲ್ಲಿ ಚುರುಕಾಗಿ, ಇನ್ನೊಂದರಲ್ಲಿ ಮೈಗಳ್ಳರಾಗಿ ಕಾಣುವುದೇಕೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಮಂಡಳಿಯ ಸಾಮರ್ಥ್ಯವು ಅದರ ಸದಸ್ಯರ ಓದು, ಹುದ್ದೆಗಳಿಗಿಂತ ಹೆಚ್ಚಾಗಿ ಕೆಲಸ ಎಷ್ಟು ಕಣ್ಣಿಗೆ ಬೀಳುತ್ತದೆ, ದಫ್ತರ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

ಈ ಚರ್ಚೆಗೆ ಹಳೇ ಹುಬ್ಬಳ್ಳಿ ತಕ್ಕ ಜಾಗ. ಇಲ್ಲಿ ಎರಡು ಬಗೆಯ ಸ್ವಯಂಸೇವಾ ಆಡಳಿತ ಒಂದರ ಪಕ್ಕ ಒಂದು ನಡೆದಿದೆ. ಒಂದು, ಗುಡಿ, ಜಾತ್ರೆ, ಗಣೇಶೋತ್ಸವಗಳನ್ನು ನಡೆಸುವ ಓಣಿಯ ಪಂಚಕಮಿಟಿ. ಇನ್ನೊಂದು, ಇಂಡಿ ಪಂಪ್, ಹೆಗ್ಗೇರಿ, ಆನಂದನಗರ, ಕಾರವಾರ ರಸ್ತೆಯ ಆಸುಪಾಸಿನ ಬಡಾವಣೆ ಮತ್ತು ಅಪಾರ್ಟ್‌ಮೆಂಟುಗಳ ನಿವಾಸಿ ಸಂಘ. ಇದು ಅಂಕಿಅಂಶಗಳ ಸಮೀಕ್ಷೆಯಲ್ಲ. ಕಾನೂನಿನ ಪಠ್ಯವನ್ನೂ ಓಣಿಯ ರೂಢಿಯನ್ನೂ ಎದುರುಬದುರು ಇಟ್ಟು ಓದುವ ಯತ್ನ.

1. ಕಾನೂನಿನ ನಿರೀಕ್ಷೆ

ಇಂಥ ಸಂಘಗಳ ಮೇಲೆ ಕರ್ನಾಟಕದಲ್ಲಿ ಮೂರು ಕಾನೂನುಗಳ ನೆರಳಿದೆ: 1959ರ ಸಹಕಾರ ಸಂಘಗಳ ಅಧಿನಿಯಮ, 1960ರ ಸಂಘಗಳ ನೋಂದಣಿ ಅಧಿನಿಯಮ ಮತ್ತು 1972ರ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ. 1960ರ ಕಾನೂನಿನಡಿ ಸಂಘವು ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು, ಪದಾಧಿಕಾರಿಗಳ ಯಾದಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಪಾಲು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. 1972ರ ಕಾನೂನು ಮಂಡಳಿಯನ್ನು ಮಾಲೀಕರೊಳಗಿಂದಲೇ ಆರಿಸುವ, ಅದರ ಮೂರನೇ ಒಂದು ಭಾಗವಾದರೂ ಪ್ರತಿವರ್ಷ ನಿವೃತ್ತಿಯಾಗುವ ವ್ಯವಸ್ಥೆಯನ್ನು ಬೈಲಾದಲ್ಲಿ ಬಯಸುತ್ತದೆ. ಎಲ್ಲರೂ ಒಮ್ಮೆಲೇ ಇಳಿದುಹೋಗಿ ಹಿಂದಿನದು ಗೊತ್ತಿಲ್ಲದವರು ಒಮ್ಮೆಲೇ ಬಂದು ಕೂರಬಾರದು ಎಂಬ ವಿವೇಕ ಇದರಲ್ಲಿದೆ.

2016ರ ರೇರಾ ಕಾಯ್ದೆಯ ಪ್ರಕಾರ ಬಹುಪಾಲು ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅನುವು ಮಾಡಿಕೊಡುವುದು ಬಿಲ್ಡರ್‌ನ ಹೊಣೆ. ಆದರೆ 500 ಚದರ ಮೀಟರ್ ಮೀರದ ಜಾಗದ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಅಣ್ಣತಮ್ಮಂದಿರ ಪಾಲಿನ ಹಳೇ ಮನೆ ಕೆಡವಿ ಆರೆಂಟು ಫ್ಲ್ಯಾಟ್ ಎಬ್ಬಿಸುವ ಕಡೆ ಈ ವಿನಾಯಿತಿ ಸಣ್ಣ ಸಂಗತಿಯಲ್ಲ. ಅಲ್ಲಿ ಸಂಘವೆಂದರೆ ಬಹುಮಟ್ಟಿಗೆ ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ಬ್ಯಾಂಕ್ ಖಾತೆ. ಖಾತೆಯೂ ಕೆಲವೊಮ್ಮೆ ಕಾರ್ಯದರ್ಶಿಯ ಸ್ವಂತದ್ದು.

2. ಓಣಿಯ ಲೆಕ್ಕ

ಗಣೇಶೋತ್ಸವದ ಪಟ್ಟಿಯನ್ನೇ ನೋಡೋಣ. ನಾಲ್ಕಾರು ಹುಡುಗರು ಪಾವತಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾರೆ. ಕೊಟ್ಟವರ ಹೆಸರು, ಎದುರಿಗೆ ಮೊತ್ತ ಬರೆದ ಹಾಳೆಯನ್ನು ಪೆಂಡಾಲಿನಲ್ಲೋ ಗುಡಿಯ ಗೋಡೆಗೋ ಅಂಟಿಸುತ್ತಾರೆ. ಓಣಿಯವರು ಮೊದಲು ತಮ್ಮ ಹೆಸರು ನೋಡುತ್ತಾರೆ, ಆಮೇಲೆ ಎದುರುಮನೆಯವರದ್ದು. ಮೊತ್ತದಲ್ಲಿ ಒಂದು ಸೊನ್ನೆ ಬಿಟ್ಟಿದ್ದರೆ ಅದೇ ಸಂಜೆ ಜಗಳ. ವಿಸರ್ಜನೆಯಾದ ಮೇಲೆ ಹಿರಿಯರ ಮುಂದೆ ಜಮಾ-ಖರ್ಚು ಓದುತ್ತಾರೆ. ಮಂಟಪಕ್ಕೆಷ್ಟು, ಮೈಕಿಗೆಷ್ಟು, ಪ್ರಸಾದಕ್ಕೆಷ್ಟು ಎಂಬುದರ ಪೇಟೆ ದರ ಕೇಳುವವರಿಗೆ ಗೊತ್ತೇ ಇರುತ್ತದೆ. ಹಾಗಾಗಿ ಸುಳ್ಳು ಲೆಕ್ಕ ದಕ್ಕುವುದು ಕಷ್ಟ.

ಇಲ್ಲಿ ಲೆಕ್ಕಪರಿಶೋಧಕನಿಲ್ಲದಿದ್ದರೂ ಪರಿಶೋಧನೆ ನಡೆಯುತ್ತದೆ. ಅದಕ್ಕೆ ಮೂರು ಕಾರಣ: ಕೆಲಸ ಹನ್ನೊಂದು ದಿನದೊಳಗೆ ಮುಗಿಯುತ್ತದೆ, ಫಲ ಕಣ್ಣೆದುರಿಗಿರುತ್ತದೆ, ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ಈ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳಬೇಕಿಲ್ಲ. ಪಂಚರಲ್ಲಿ ಹೆಂಗಸರು ಅಪರೂಪ, ಬಾಡಿಗೆದಾರರಿಗೆ ದನಿ ಕಡಿಮೆ, ಜಾತಿ-ಮನೆತನಗಳ ತೂಕ ಹೆಚ್ಚು. ಆದರೂ ಶ್ರದ್ಧೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗದು.

ನೀರಿನ ವಿಷಯದಲ್ಲೂ ಇದೇ ನಡೆ. ವಿಶ್ವಬ್ಯಾಂಕ್ ನೆರವಿನ 24x7 ನೀರಿನ ಪ್ರಯೋಗ 2008ರಲ್ಲಿ ಅವಳಿ ನಗರದ ಕೆಲವೇ ವಾರ್ಡುಗಳಿಗೆ ಬಂತು. ಉಳಿದ ಕಡೆ ದಿನ ಎಣಿಸಿ ನೀರು ಹಿಡಿಯುವುದು ಮುಂದುವರಿಯಿತು. ಅಂಥಲ್ಲಿ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ವಾಲ್‌ಮನ್‌ನ ಸರದಿ, ಸಂಪಿನ ಮಟ್ಟ, ಟ್ಯಾಂಕರ್ ದರ ಬಾಯಿಪಾಠ. ನಸುಕಿನಲ್ಲಿ ನೀರು ಬಿಟ್ಟರೂ ಎದ್ದು ಮೋಟರ್ ಹಾಕುವವನನ್ನು ಬೇಜವಾಬ್ದಾರಿ ಎನ್ನುವುದು ಅನ್ಯಾಯ.

3. ಕಣ್ಣಿಗೆ ಬೀಳದ ಕೆಲಸ

ಅದೇ ಕಾರ್ಯದರ್ಶಿಯನ್ನು ಲಿಫ್ಟಿನ ಲೈಸೆನ್ಸ್ ಎಲ್ಲಿದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಕರ್ನಾಟಕದಲ್ಲಿ ಲಿಫ್ಟುಗಳಿಗೆಂದೇ 2012ರ ಪ್ರತ್ಯೇಕ ಅಧಿನಿಯಮವಿದೆ, ತಪಾಸಣೆಯ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು. ಲಿಫ್ಟ್ ಓಡುತ್ತಿರುವವರೆಗೆ ಆ ಕಾಗದ ಯಾರಿಗೂ ನೆನಪಾಗದು. ಬಿಲ್ಡರ್‌ನಿಂದ ಪಡೆಯಬೇಕಾದ ಮಂಜೂರಾದ ನಕ್ಷೆ, ಸಾಮಾನ್ಯ ಜಾಗದ ಹಸ್ತಾಂತರ ಪತ್ರ, ಭೂಗತ ಪೈಪುಗಳ ನಕಾಶೆಗಳದ್ದೂ ಇದೇ ಗತಿ. ಇನ್ನು ದೊಡ್ಡ ದುರಸ್ತಿಗೆಂದು ಕೂಡಿಡಬೇಕಾದ ಮೀಸಲು ನಿಧಿಯ ಮಾತೆತ್ತಿದರೆ, ಹತ್ತು ವರ್ಷದ ಮ್ಯಾಲಿನ ಖರ್ಚಿಗೆ ಈಗ್ಯಾಕ ರೊಕ್ಕ ಎಂಬ ಪ್ರಶ್ನೆಗೆ ಸಭೆ ಮುಗಿಯುತ್ತದೆ. ಮೇಂಟೆನೆನ್ಸ್ ಏರಿಸಲು ಹೋದ ಮಂಡಳಿ ಮುಂದಿನ ಚುನಾವಣೆಯಲ್ಲಿ ಉಳಿಯುವುದು ಕಷ್ಟ. ತಿಳಿವಳಿಕೆ ಇದ್ದವರೂ ಸುಮ್ಮನಾಗುವುದು ಈ ಕಾರಣಕ್ಕೆ.

ಇದು ಹುಬ್ಬಳ್ಳಿಯ ಸೋಮಾರಿತನವಲ್ಲ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೈನ್ ಟವರ್ಸ್ ಸೌತ್ ಎಂಬ ಹನ್ನೆರಡು ಮಹಡಿಯ ಕಟ್ಟಡ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಜನ ಸತ್ತರು. ಕಾಂಕ್ರೀಟಿನ ಹಾನಿಯನ್ನು ಎಂಜಿನಿಯರ್ ವರದಿ 2018ರಲ್ಲೇ ಎತ್ತಿ ತೋರಿಸಿತ್ತು. ದುರಸ್ತಿಯ ಜಗಳದ ನಡುವೆ 2019ರಲ್ಲಿ ಏಳು ಜನರ ಮಂಡಳಿಯ ಐವರು ರಾಜೀನಾಮೆ ಕೊಟ್ಟರು. ಸುಮಾರು 1.5 ಕೋಟಿ ಡಾಲರ್ ವಂತಿಗೆಗೆ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಕುಸಿತಕ್ಕೆ ಮೂಲ ವಿನ್ಯಾಸದ ದೋಷಗಳ ಪಾಲೂ ಇದ್ದುದರಿಂದ ತಪ್ಪೆಲ್ಲ ಮಂಡಳಿಯದ್ದೆನ್ನಲಾಗದು. ಆದರೆ ಓದುಬರಹ, ಹಣ, ವಕೀಲರು, ಎಂಜಿನಿಯರರು ಎಲ್ಲ ಇದ್ದ ಕಡೆಯೂ ನಿರ್ಣಯಕ್ಕೆ ಸುಮಾರು ಎರಡೂವರೆ ವರ್ಷ ಹಿಡಿಯಿತು. 2022ರಲ್ಲಿ ಫ್ಲಾರಿಡಾ ಹಳೆಯ ಬಹುಮಹಡಿ ಕಟ್ಟಡಗಳ ತಪಾಸಣೆಯನ್ನೂ ಮೀಸಲು ನಿಧಿಯ ಅಧ್ಯಯನವನ್ನೂ ಕಡ್ಡಾಯ ಮಾಡಿತು. ಅಪ್ರಿಯವಾದ ನಿರ್ಣಯವನ್ನು ಸ್ವಯಂಸೇವಕರ ಧೈರ್ಯಕ್ಕೆ ಬಿಡಬಾರದೆಂದು ಅಲ್ಲಿನ ಶಾಸನಸಭೆ ಒಪ್ಪಿಕೊಂಡಂತಾಯಿತು.

4. ಹೊರಗಿನ ಕಣ್ಣು

ಸ್ವಯಂಸೇವಾ ಮಂಡಳಿಯ ಪರಂಪರೆ ಈ ಸೀಮೆಗೆ ಹೊಸದಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಚಳವಳಿ ಬೇರುಬಿಟ್ಟಿದ್ದು ಹಿರಿಯರ ಪ್ರಾಮಾಣಿಕತೆಯೊಂದರಿಂದಲೇ ಅಲ್ಲ. ಸಾಲಗಾರ ಯಾರು, ಜಾಮೀನು ಯಾರು ಎಂಬುದು ಊರಿಗೇ ಗೊತ್ತಿತ್ತು, ಜತೆಗೆ ಲೆಕ್ಕ ತಪಾಸಣೆಗೆ ಸರಕಾರದ ಕಣ್ಣೂ ಇತ್ತು. ಒಳಗಿನ ಪರಿಚಯ ಮತ್ತು ಹೊರಗಿನ ತಪಾಸಣೆ ಎರಡೂ ಕೂಡಿದ್ದವು.

ಇಂದಿನ ನಿವಾಸಿ ಸಂಘದಲ್ಲಿ ಎರಡೂ ಸಡಿಲ. ಮಾಲೀಕರು ಬೆಂಗಳೂರು, ಪುಣೆಯಲ್ಲಿದ್ದರೆ ಒಳಗಿನ ಕಣ್ಣು ಇಲ್ಲ. ಕಚೇರಿಗೆ ಸಲ್ಲಿಸಿದ ವಾರ್ಷಿಕ ಲೆಕ್ಕವನ್ನು ಯಾರಾದರೂ ಓದುತ್ತಾರೆಂಬ ಭಯವಿಲ್ಲದಿದ್ದರೆ ಹೊರಗಿನದೂ ಇಲ್ಲ. ಖಜಾಂಚಿ ಬದಲಾದಾಗ ಲೆಕ್ಕ ಅವನ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಹೊಸಬರು ಹಳೆಯ ಠರಾವು ಕಾಣದೆ, ಆಗಲೇ ತೀರ್ಮಾನವಾದ ವಿಷಯವನ್ನೇ ಮತ್ತೆ ಚರ್ಚೆಗೆ ತರುತ್ತಾರೆ.

ಉಪಸಂಹಾರ

ಮಂಡಳಿಗಳಿಗೆ ತರಬೇತಿ ಬೇಕು ಎಂಬ ಸಾಮಾನ್ಯ ಪರಿಹಾರ ಅರ್ಧ ಸತ್ಯ. ಓಣಿಯಲ್ಲಿ ಕೆಲಸ ಮಾಡಿದ ಪದ್ಧತಿಯನ್ನು ಅಪಾರ್ಟ್‌ಮೆಂಟಿನ ಕಾಣದ ಕೆಲಸಗಳಿಗೆ ಹೊಂದಿಸುವುದು ಹೆಚ್ಚು ಫಲಕಾರಿ. ಜಮಾ-ಖರ್ಚಿನ ಜತೆಗೆ, ಲಿಫ್ಟ್ ತಪಾಸಣೆಯ ಕೊನೆಯ ದಿನಾಂಕ, ಮೀಸಲು ನಿಧಿಯ ಮೊತ್ತ, ಬಿಲ್ಡರ್‌ನಿಂದ ಬರಬೇಕಾದ ಕಾಗದಗಳ ಯಾದಿ ಕೆಳಮಹಡಿಯ ಗೋಡೆಯ ಮೇಲಿರಬೇಕು. ದಫ್ತರ ಸಂಘದ ಹೆಸರಿನಲ್ಲಿರಬೇಕು, ಹಸ್ತಾಂತರಕ್ಕೆ ಇಬ್ಬರ ಸಹಿ ಬೇಕು. ಮೂರನೇ ಒಂದು ಭಾಗದ ನಿವೃತ್ತಿಯ ನಿಯಮ ಬೈಲಾದಿಂದ ಆಚರಣೆಗೆ ಇಳಿಯಬೇಕು.

ಉಳಿದದ್ದು ಸರಕಾರದ ಪಾಲು. ವಾರ್ಡ್ ಸಮಿತಿಯ ಹತ್ತು ನಾಮನಿರ್ದೇಶಿತರಲ್ಲಿ ಕನಿಷ್ಠ ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳಾಗಿರಬೇಕೆಂದು ನಗರಪಾಲಿಕೆ ಕಾನೂನು ಹೇಳುತ್ತದೆ. ಊರಿನ ಆಡಳಿತದಲ್ಲಿ ಸ್ಥಾನ ಪಡೆಯುವ ಸಂಘದ ಲೆಕ್ಕವನ್ನು ನೋಂದಣಾಧಿಕಾರಿ ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ಅಷ್ಟಾಗುವವರೆಗೆ ಪದಾಧಿಕಾರಿಗಳನ್ನು ಅಸಮರ್ಥರೆಂದು ಜರಿಯುವುದು, ಕೀರ್ದಿ ಪುಸ್ತಕವನ್ನೇ ಕೊಡದೆ ಲೆಕ್ಕ ತಪ್ಪಿತೆಂದು ಗುಮಾಸ್ತನನ್ನು ಬೈದಂತೆ.