ಗೋಡೆ ದಾಟಿದ ಮೇಲೆ ದಾರಿ ತಪ್ಪಿದ ಕಥೆ

ಚೆನ್ನಾಗಿ ಶುರುವಾಗಿ ಆಮೇಲೆ ಹಳ್ಳ ಹಿಡಿದ ಆನಿಮೆಗಳ ಪಟ್ಟಿ ಮಾಡಿದರೆ ನನ್ನ ಪ್ರಕಾರ ಮೊದಲ ಹೆಸರು 'ದ ಪ್ರಾಮಿಸ್ಡ್ ನೆವರ್‌ಲ್ಯಾಂಡ್'. ಅದು ಹೇಗೆ ಹಾಳಾಯ್ತು ಅನ್ನೋದೂ ಒಂದು ಕಥೆಯೇ. (ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟುಗಳೆಲ್ಲ ಬಯಲು!)

ಮೂಲ, ಕೈಯು ಶಿರೈ ಬರೆದು ಪೊಸುಕಾ ದೆಮಿಜು ಚಿತ್ರ ಬಿಡಿಸಿದ ಮಾಂಗಾ. 'ವೀಕ್ಲಿ ಶೋನೆನ್ ಜಂಪ್'ನಲ್ಲಿ 2016ರ ಆಗಸ್ಟ್‌ನಿಂದ 2020ರ ಜೂನ್‌ವರೆಗೆ 181 ಅಧ್ಯಾಯಗಳಲ್ಲಿ ಬಂತು. ಗ್ರೇಸ್ ಫೀಲ್ಡ್ ಅನ್ನೋ ಅನಾಥಾಲಯ, ಅಲ್ಲಿನ ಮಕ್ಕಳಿಗೆಲ್ಲ 'ಅಮ್ಮ' ಇಸಬೆಲ್ಲಾ. ದತ್ತು ಹೋದರು ಅಂದುಕೊಂಡ ಮಕ್ಕಳು ನಿಜವಾಗಿ ಹೋಗ್ತಾ ಇರೋದು ರಾಕ್ಷಸರ ಊಟಕ್ಕೆ ಅಂತ ಹನ್ನೊಂದು ವರ್ಷದ ಎಮ್ಮಾ, ನಾರ್ಮನ್ ಒಂದು ರಾತ್ರಿ ಕಣ್ಣಾರೆ ಕಾಣ್ತಾರೆ. ಆಮೇಲೆ ರೇ ಅನ್ನೋ ಗೆಳೆಯನೂ ಸೇರಿ ತಪ್ಪಿಸಿಕೊಳ್ಳೋ ಯೋಜನೆ... ಅಮ್ಮನ ಕಣ್ಣೆದುರಲ್ಲೇ!

ಕ್ಲೋವರ್‌ವರ್ಕ್ಸ್ ಸ್ಟುಡಿಯೋ ಇದನ್ನು ಮಮೋರು ಕಾನ್ಬೆ ನಿರ್ದೇಶನದಲ್ಲಿ 2019ರ ಜನವರಿಯಲ್ಲಿ ತೆರೆಗೆ ತಂತು. 12 ಕಂತು, ಬರೀ 37 ಅಧ್ಯಾಯ. ಅಂದ್ರೆ ಕಂತಿಗೆ ಸುಮಾರು ಮೂರು. ಮಾಂಗಾದಲ್ಲಿ ಮಕ್ಕಳ ಮನಸ್ಸಿನ ಮಾತು ತುಂಬಾ ಇದೆ. ಇಲ್ಲಿ ಅದನ್ನೆಲ್ಲ ತೆಗೆದು ಉದ್ದನೆಯ ಕಾರಿಡಾರ್, ಅಮ್ಮನ ನಗು, ಮಕ್ಕಳ ಕಣ್ಣುಗಳಿಂದಲೇ ಭಯ ಹುಟ್ಟಿಸಿದರು. ಯಾರ ಮನಸ್ಸಲ್ಲಿ ಏನಿದೆಯೋ ಗೊತ್ತಾಗದೆ ನಾನಂತೂ ಉಸಿರು ಬಿಗಿಹಿಡಿದು ನೋಡಿದೆ.

ಎರಡನೇ ಸೀಸನ್ 2020ರ ಅಕ್ಟೋಬರ್‌ಗೆ ಬರಬೇಕಿತ್ತು. ಕೋವಿಡ್‌ನಿಂದ 2021ರ ಜನವರಿಗೆ ಹೋಯ್ತು. ಈಗ ಲೆಕ್ಕ ಹಾಕಿ: ಉಳಿದದ್ದು 144 ಅಧ್ಯಾಯ, ಸಿಕ್ಕಿದ್ದು 11 ಕಂತು. ಕಂತಿಗೆ ಹದಿಮೂರು! ಹೀಗಾಗಿ ಕತ್ತರಿ ಆಡಿತು. ರಾಕ್ಷಸ ಶ್ರೀಮಂತರು ಮೋಜಿಗೆ ಮಕ್ಕಳನ್ನು ಬೇಟೆಯಾಡೋ 'ಗೋಲ್ಡಿ ಪಾಂಡ್' ಭಾಗ ಪೂರ್ತಿ ಮಾಯ. ಗೆಳೆಯರನ್ನೆಲ್ಲ ಕಳೆದುಕೊಂಡು ನೆಲಮಾಳಿಗೆಯಲ್ಲಿ ಒಂಟಿಯಾಗಿ ಬದುಕಿದ್ದ ಯೂಗೋ ಮಾಯ. ಕೊನೆಯ ಎರಡು ಕಂತುಗಳಲ್ಲಿ ಚಿತ್ರಕಥೆ ಬರೆದವರ ಹೆಸರೂ ಮಾಯ! ಎಮ್ಮಾ ರಾಕ್ಷಸರ ಲೋಕವನ್ನು ಬದಲಿಸಿದ್ದನ್ನು ಸ್ಥಿರಚಿತ್ರಗಳ ಸಾಲಿನಲ್ಲಿ ತೋರಿಸಿ ಕೈ ತೊಳೆದುಕೊಂಡರು.

ಮೂಲ ಬಿಟ್ಟು ಹೋದದ್ದೇ ತಪ್ಪು ಅಂತ ನನಗನ್ನಿಸಲ್ಲ. 2003ರ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಕೂಡ ಹಿರೋಮು ಅರಕಾವಾ ಮಾಂಗಾ ಮುಗಿಯೋ ಮೊದಲೇ ತನ್ನದೇ ದಾರಿ ಹಿಡಿದಿತ್ತು. ಆದರೆ ಅದಕ್ಕೆ 51 ಕಂತುಗಳ ಜಾಗ ಇತ್ತು, ಏನಾದರೂ ಪಡೆಯಬೇಕಾದರೆ ಏನನ್ನಾದರೂ ಕಳೆದುಕೊಳ್ಳಬೇಕು ಅನ್ನೋ ಕಥೆಯ ನಿಯಮವನ್ನು ಅದು ಬಿಡಲಿಲ್ಲ. ಮಾಂಗಾಕ್ಕೆ ನಿಷ್ಠವಾದ 'ಬ್ರದರ್‌ಹುಡ್' 2009ರಲ್ಲಿ ಬೇರೆಯಾಗಿಯೇ ಬಂತು.

ನೆವರ್‌ಲ್ಯಾಂಡ್ ಬಿಟ್ಟುಕೊಟ್ಟಿದ್ದು ಇದನ್ನೇ. ಮೊದಲ ಸೀಸನ್‌ನಲ್ಲಿ ಪ್ರತಿ ಹೆಜ್ಜೆಗೂ ಬೆಲೆ ಇತ್ತು. ಗೋಡೆ ದಾಟೋಕೆ ತೀರಾ ಚಿಕ್ಕ ಮಕ್ಕಳನ್ನು ಹಿಂದೆಯೇ ಬಿಟ್ಟು ಹೋಗಬೇಕಾಯ್ತು. ಮಾಂಗಾದ ಕೊನೆಯಲ್ಲೂ ಎಮ್ಮಾ ದೊಡ್ಡ ಬೆಲೆ ತೆರುತ್ತಾಳೆ, ತನ್ನವರ ನೆನಪನ್ನೇ ಕಳೆದುಕೊಳ್ಳುತ್ತಾಳೆ. ಆನಿಮೆಯಲ್ಲಿ ಆ ಬೆಲೆಯೇ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಡೆಡ್‌ಲೈನ್ ಹತ್ತಿರ ಬಂದಾಗ ಫೀಚರ್ ಕಡಿಮೆ ಮಾಡ್ತೀವಿ, ಸರಿ. ಆದರೆ ಜನ ಯಾವುದಕ್ಕೋಸ್ಕರ ಬಂದರೋ ಅದನ್ನೇ ತೆಗೆದರೆ ಉಳಿಯೋದೇನು?

ನೋಡಿಲ್ಲದಿದ್ದರೆ ಮೊದಲ 12 ಕಂತು ಖಂಡಿತ ನೋಡಿ. ಆಮೇಲೆ 38ನೇ ಅಧ್ಯಾಯದಿಂದ ಮಾಂಗಾ ಓದಿ. ಹೀಗೆ ನಿಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟ ಕಥೆ ಯಾವುದು? ತಿಳಿಸ್ತೀರಲ್ಲ?